ವಿಮಾನಕ್ಕೆ ಮುನ್ನ ಎರಡು ದಿನ: ದೆಹಲಿಯಿಂದ ರೈಲಿನಲ್ಲಿ ಎಲ್ಲಿಗೆ ಹೋಗಿಬರುವುದು?

ಹರಿಹರದವ

ಡಿಸೆಂಬರ್ ನಡುವಿನಲ್ಲಿ ನೋಯ್ಡಾದಲ್ಲಿ ಷಡ್ಡಕನ ಮಗಳ ಮದುವೆ ಇದೆ. ಗುರುವಾರ ರಾತ್ರಿ ಆರತಕ್ಷತೆ ಮುಗಿಯುತ್ತದೆ, ಶುಕ್ರವಾರ ಬೆಳಿಗ್ಗೆ ಕೋಣೆ ಬಿಟ್ಟುಕೊಡಬೇಕು. ಬೆಂಗಳೂರಿಗೆ ವಿಮಾನ ಇರುವುದು ಭಾನುವಾರ ರಾತ್ರಿ 7.40ಕ್ಕೆ. ನಾನು, ನನ್ನ ಹೆಂಡತಿ, 71 ವರ್ಷದ ತಾಯಿ. ಅಮ್ಮನಿಗೆ ಮಂಡಿನೋವು, ಸಮನೆಲದಲ್ಲಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ದೆಹಲಿಯನ್ನು ಹಿಂದೆಯೇ ನೋಡಿದ್ದೇವೆ. ಆಗ್ರಾ, ಹರಿದ್ವಾರ, ಅಮೃತಸರ, ಈ ಮೂರರಲ್ಲಿ ಒಂದಕ್ಕೆ ಶುಕ್ರವಾರ ಬೆಳಿಗ್ಗೆ ರೈಲು ಹತ್ತಿ ಶನಿವಾರ ರಾತ್ರಿಯೊಳಗೆ ಮರಳುವ ಯೋಚನೆ. ಹೆಂಡತಿಗೆ ತಾಜ್ ಮಹಲ್ ನೋಡುವ ಆಸೆ. ಮೂರು ದೊಡ್ಡ ಸೂಟ್‌ಕೇಸ್ ಜೊತೆಗಿರುತ್ತವೆ. ಹೋಗಿಬಂದವರು ನಿಮ್ಮ ಅನುಭವ ಹೇಳಿ.

ಚಾಮುಂಡಿಪುರಂ

ಆಗ್ರಾಕ್ಕೆ ಹೋಗಿ, ಮತ್ತೊಂದು ಯೋಚನೆಯೇ ಬೇಡ. ನಾವು ಗಂಡ ಹೆಂಡತಿ ಜನವರಿಯ ಕೊರೆಯುವ ಚಳಿಯಲ್ಲೇ ಹೋಗಿಬಂದವರು. ಹಜರತ್ ನಿಜಾಮುದ್ದೀನ್‌ನಿಂದ ಬೆಳಿಗ್ಗೆ 8.10ಕ್ಕೆ ಗತಿಮಾನ್ ಎಕ್ಸ್‌ಪ್ರೆಸ್ ಹೊರಡುತ್ತದೆ. 188 ಕಿಲೋಮೀಟರ್ ದೂರವನ್ನು ನೂರು ನಿಮಿಷದಲ್ಲಿ ಮುಟ್ಟಿಸಲೆಂದು 2016ರಲ್ಲಿ ಶುರುಮಾಡಿದ ರೈಲು ಅದು. ಗಂಟೆಗೆ 160 ಕಿಲೋಮೀಟರ್ ವೇಗ ನಮ್ಮ ದೇಶದಲ್ಲಿ ಮೊದಲು ಬಂದದ್ದು ಅದರಿಂದಲೇ.

ಆಗ್ರಾ ಕಂಟೋನ್ಮೆಂಟ್‌ನಲ್ಲಿ ಇಳಿದಾಗ ಎದುರಿನ ಆಟೊ ಕೂಡ ಕಾಣದಷ್ಟು ಮಂಜು. ಕಾರಿನವನು ನೇರವಾಗಿ ತಾಜ್‌ಗೆ ಹೋಗೋಣ ಎಂದು ಹಠ ಹಿಡಿದ. ನಾನು ಒಪ್ಪಲಿಲ್ಲ. ಮೊದಲು ಕೋಟೆಗೆ ಹೋಗೆಂದೆ. ಕೋಟೆಯ ಒಳಗೆ ಸಾವಕಾಶವಾಗಿ ಓಡಾಡಿ, ಷಹಜಹಾನ್ ಸೆರೆಯಲ್ಲಿದ್ದ ಮುಸಮ್ಮನ್ ಬುರ್ಜ್ ಹತ್ತಿರ ನಿಂತಾಗ ಯಮುನೆಯ ಆಚೆ ಏನೂ ಕಾಣುತ್ತಿರಲಿಲ್ಲ. ಹನ್ನೆರಡರ ಹೊತ್ತಿಗೆ ಬಿಸಿಲು ಬಂತು, ಆಗ ತಾಜ್‌ಗೆ ಹೋದೆವು. ನಸುಕಿನಲ್ಲಿ ಎದ್ದು ಸೂರ್ಯೋದಯದ ತಾಜ್ ನೋಡುತ್ತೇವೆಂದು ಹೋಗಿದ್ದ ಒಂದು ಗುಂಪು ಬಿಳಿಯ ಮಂಜನ್ನಷ್ಟೇ ನೋಡಿ, ಮೂರು ಗಂಟೆಯ ಟಿಕೆಟ್ ಅವಧಿ ಮುಗಿಸಿಕೊಂಡು ಹೊರಗೆ ಬರುತ್ತಿತ್ತು. ಡಿಸೆಂಬರ್, ಜನವರಿಯಲ್ಲಿ ತಾಜ್ ಮಧ್ಯಾಹ್ನದ ಮಾತು. ಇದನ್ನು ಯಾವ ಗೈಡ್ ಕೂಡ ಹೇಳುವುದಿಲ್ಲ.

ಖರ್ಚು ಬರೆದಿಟ್ಟುಕೊಂಡಿದ್ದೇನೆ. ಚೇರ್ ಕಾರ್‌ನಲ್ಲಿ ಇಬ್ಬರಿಗೆ ಹೋಗಿಬರಲು ಸುಮಾರು 3,000 ರೂಪಾಯಿ, ತಿಂಡಿ ಸೇರಿ. ಕಾರಿಗೆ ಹೇಳಿದ್ದು 1,800, ಸಂಜೆ ಕಾಯ್ದ ಬಾಬ್ತು ಎಂದು 400 ಹೆಚ್ಚಿಗೆ ಕಿತ್ತುಕೊಂಡ. ತಾಜ್‌ಗೆ ತಲೆಗೆ 50, ಗೋರಿಯ ಕಟ್ಟಡದೊಳಗೆ ಹೋಗಲು ಮತ್ತೆ 200. ಗೈಡ್ 900. ಆ ಗೈಡ್ ನಮ್ಮನ್ನು ಅಮೃತಶಿಲೆಯ ಅಂಗಡಿಯೊಂದಕ್ಕೆ ಎಳೆದೊಯ್ದು ಒಂದೂಕಾಲು ಗಂಟೆ ಹಾಳುಮಾಡಿದ. ಏನೂ ಕೊಳ್ಳಲಿಲ್ಲವೆಂದು ಮುಖ ಗಂಟಿಕ್ಕಿಕೊಂಡು ನಿಲ್ದಾಣದವರೆಗೂ ಒಂದು ಮಾತಾಡಲಿಲ್ಲ. ಗೈಡ್ ಬೇಡವೇ ಬೇಡ. ಆದರೆ ಆಗ್ರಾ ಬೇಕು.

ಕೊಪ್ಪಳದ ಅಂಗಡಿ

ಹರಿದ್ವಾರದ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಎಲ್ಲರಿಗೂ ತಿಳಿಯಲಿ.

ತಂದೆಯವರ ಅಸ್ಥಿ ಬಿಡಲು ನಾನು ಮತ್ತು ನನ್ನ ತಮ್ಮ ಹೋಗಿದ್ದೆವು. ದೆಹಲಿಯಲ್ಲಿ ವ್ಯಾಪಾರದ ಕೆಲಸವಿತ್ತು, ಅದು ಮುಗಿದ ಮೇಲೆ ವಿಮಾನಕ್ಕೆ ಇನ್ನೂ ಸಮಯವಿತ್ತು. ಬೆಳಿಗ್ಗೆ 6.45ರ ಡೆಹ್ರಾಡೂನ್ ಶತಾಬ್ದಿ ಹಿಡಿದೆವು. ದಸರೆ ಮುಗಿದಿತ್ತು, ದೀಪಾವಳಿ ಬಂದಿರಲಿಲ್ಲ. ಹರ್ ಕಿ ಪೌಡಿ ಘಟ್ಟಕ್ಕೆ ಹೋಗಿ ನೋಡಿದರೆ ಗಂಗೆಯೇ ಇಲ್ಲ! ಕಲ್ಲು, ಕೆಸರು, ನಡುವೆ ಕಾಲು ತೋಯುವಷ್ಟು ನೀರು. ಹುಡುಗರು ಕೆಸರಿನಲ್ಲಿ ನಾಣ್ಯ ಹುಡುಕುತ್ತಿದ್ದರು. ವಿಚಾರಿಸಿದಾಗ ಗೊತ್ತಾಯಿತು: ಪ್ರತಿವರ್ಷ ದಸರೆಯಿಂದ ದೀಪಾವಳಿಯವರೆಗೆ ಗಂಗಾ ಕಾಲುವೆಯನ್ನು ದುರಸ್ತಿಗೆಂದು ಮುಚ್ಚುತ್ತಾರೆ. 1854ರಲ್ಲಿ ತೆರೆದ ಕಾಲುವೆ ಅದು, ಘಟ್ಟಕ್ಕೆ ಬರುವುದು ಅದರ ನೀರು. ಇದೇನು ಗುಟ್ಟಲ್ಲ, ಆ ಊರಿನ ಪ್ರತಿಯೊಬ್ಬನಿಗೂ ಗೊತ್ತು. ಆದರೆ ಮುಂಗಡ ಹಣ ಪೂರ್ತಿ ತೆಗೆದುಕೊಂಡ ವಸತಿಗೃಹದವನು ಹೇಳಲಿಲ್ಲ, ಫೋನಿನಲ್ಲಿ ಮಾತಾಡಿದ ಪುರೋಹಿತನೂ ಹೇಳಲಿಲ್ಲ.

ಕೊನೆಗೆ ಮುಖ್ಯ ಹೊಳೆ ಹರಿಯುವ ನೀಲಧಾರೆಯ ಕಡೆಗೆ ಆಟೊ ಮಾಡಿಕೊಂಡು ಹೋದೆವು. ಆಟೊ 600. ಪುರೋಹಿತ ಕೇಳಿದ್ದು 5,100, ಒಪ್ಪಿದ್ದು 2,100, ಆಮೇಲೆ ದಕ್ಷಿಣೆ ಬೇರೆ, ಗೋದಾನದ ಹೆಸರಿನಲ್ಲಿ ಬೇರೆ. ಎಲ್ಲ ಸೇರಿ 3,650. ವಸತಿಗೃಹ 2,800, ಅಲ್ಲಿ ನಾವು ಕಳೆದದ್ದು ನಾಲ್ಕು ಗಂಟೆ. ಹಣದ ಮಾತಲ್ಲ. ತಂದೆಯವರು ಕಾಶಿ, ಹರಿದ್ವಾರ ಎಂದು ಆಡಿಕೊಂಡೇ ಹೋದವರು. ಅವರನ್ನು ಹಾಗೆ ಅಲೆದಾಡಿಸಿ ಬಿಡಬೇಕಾಯಿತು ಎಂಬುದು ಇವತ್ತಿಗೂ ಎದೆಯಲ್ಲಿ ಕುಟ್ಟುತ್ತದೆ.

ಸಾಗರದ ಕಡೆಯವಳು

ಕೊಪ್ಪಳದವರ ದುಃಖ ಅರ್ಥವಾಗುತ್ತದೆ. ಆದರೆ ಇವರು ಕೇಳಿರುವುದು ಡಿಸೆಂಬರ್ ಬಗ್ಗೆ, ಆಗ ಕಾಲುವೆಯಲ್ಲಿ ನೀರು ಇದ್ದೇ ಇರುತ್ತದೆ.

ನಾನು ಅಮೃತಸರದ ಪರ. ಬೆಳಿಗ್ಗೆ 7.20ಕ್ಕೆ ನವದೆಹಲಿಯಿಂದ ಸ್ವರ್ಣ ಶತಾಬ್ದಿ, ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಅಮೃತಸರ, ದೂರ ಹೆಚ್ಚುಕಡಿಮೆ 450 ಕಿಲೋಮೀಟರ್. ಎಲ್ಲರೂ ಮಾಡುವ ತಪ್ಪೆಂದರೆ ಮತ್ತೆ ದೆಹಲಿಗೆ ಮರಳುವುದು. ಏಕೆ ಮರಳಬೇಕು? ಅಮೃತಸರದಲ್ಲೇ ವಿಮಾನ ನಿಲ್ದಾಣವಿದೆ, ಊರಿನಿಂದ ಹನ್ನೊಂದು ಕಿಲೋಮೀಟರ್. ನಾವು ಅಲ್ಲಿಂದಲೇ ಬೆಂಗಳೂರಿಗೆ ಹಾರಿದೆವು. ದೆಹಲಿ ಟಿಕೆಟ್ ರದ್ದು ಮಾಡಿದಾಗ ತಲೆಗೆ 3,670 ಕೈಬಿಟ್ಟಿತು. ಅಮೃತಸರದ ಟಿಕೆಟ್ ತಲೆಗೆ 8,260. ಇದನ್ನು ಕೇಳಿ ನಮ್ಮ ಮೈದುನ ನಕ್ಕ. ಆದರೆ ಉಳಿದದ್ದನ್ನು ನೋಡಿ: ಮರಳುವ ಶತಾಬ್ದಿಯ ಸುಮಾರು 2,100 ಉಳಿಯಿತು, ದೆಹಲಿಯ ಒಂದು ರಾತ್ರಿಯ ಕೋಣೆ 3,800 ಉಳಿಯಿತು, ಟ್ಯಾಕ್ಸಿ ಉಳಿಯಿತು, ರಾತ್ರಿ ಹನ್ನೊಂದಕ್ಕೆ ಸಾಮಾನು ಹೊತ್ತು ನವದೆಹಲಿ ನಿಲ್ದಾಣದ ಬದಿಯ ಪಹಾಡ್‌ಗಂಜ್‌ನಲ್ಲಿ ನಿಲ್ಲುವ ಗೋಳು ತಪ್ಪಿತು.

ಹರ್‌ಮಂದಿರ ಸಾಹಿಬ್‌ನ, ಅಂದರೆ ಸ್ವರ್ಣಮಂದಿರದ, ಒಳಗೆ ಕಾಲಿಡುವಾಗ ಪಾದ ತೊಳೆಯುವ ನೀರಿನಲ್ಲಿ ಇಳಿದು ದಾಟಬೇಕು. ಡಿಸೆಂಬರಿನಲ್ಲಿ ಆ ನೀರು, ಆಮೇಲೆ ತಣ್ಣನೆಯ ಅಮೃತಶಿಲೆ, ಎರಡೂ ಮೊಣಕಾಲಿನವರೆಗೆ ಸೆಳೆಯುತ್ತವೆ. ಪ್ರದಕ್ಷಿಣೆಯ ಪಥದಲ್ಲಿ ಚಾಪೆ ಹಾಸಿರುತ್ತಾರೆ, ಅದರ ಮೇಲೆಯೇ ನಡೆಯಬೇಕು. ಅತ್ತೆಯವರು ಜೊತೆಗಿದ್ದರು, ಒಳಗೆ ಹೋಗುವ ಸಾಲು ಬಹಳ ಉದ್ದವಿತ್ತು, ಅವರು ಸರೋವರದ ಅಂಚಿನಲ್ಲೇ ಕುಳಿತು ಕೀರ್ತನೆ ಕೇಳಿದರು. ಅಷ್ಟೇ ಸಾಕೆಂದರು. ಮರುದಿನ ಜಲಿಯನ್‌ವಾಲಾ ಬಾಗ್ ನೋಡಿದೆವು, ನಡೆದೇ ಹೋಗಬಹುದು. 1919ರ ಏಪ್ರಿಲ್ 13ರ ಗುಂಡಿನ ಗುರುತುಗಳು ಗೋಡೆಯಲ್ಲಿ ಹಾಗೆಯೇ ಇವೆ. ಪಾಕಿಸ್ತಾನದ ಜೊತೆಗಿನ ಅಟಾರಿ ಗಡಿಗೆ ಹೋಗಲಿಲ್ಲ. ಚಳಿಗಾಲದಲ್ಲಿ ಅಲ್ಲಿನ ಕವಾಯತು ನಾಲ್ಕು ಗಂಟೆಯ ಸುಮಾರಿಗೇ ಶುರುವಾಗುತ್ತದೆ, ಒಂದೂವರೆಗೆ ರೈಲು ಇಳಿದವರು ಮೂವತ್ತು ಕಿಲೋಮೀಟರ್ ಓಡಿ ಜಾಗ ಹಿಡಿಯುವುದು ಹಿರಿಯರಿಗೆ ಹೇಳಿದ್ದಲ್ಲ.

ಊಟಕ್ಕೆ ಲಂಗರ್ ಇದೆ, ಗುರುದ್ವಾರದ ಉಚಿತ ಪಂಕ್ತಿಯೂಟ, ಇಪ್ಪತ್ನಾಲ್ಕು ಗಂಟೆಯೂ.

ರಥಬೀದಿ

ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ತಾಯಿಗೆ ಲಂಗರ್ ಊಟ ಹೇಳುತ್ತೀರಲ್ಲ ಅಮ್ಮ? ದಾಲ್‌ನಲ್ಲಿ ಈರುಳ್ಳಿ ಇರುವುದಿಲ್ಲವೆಂದು ನೀವು ಹೊಣೆ ಹೊರುತ್ತೀರಾ? ಪ್ರಶ್ನೆಯನ್ನು ಓದಿ ಉತ್ತರಿಸಬೇಕು.

ಸಾಗರದ ಕಡೆಯವಳು

ಹೊಣೆ ಹೊರುತ್ತೇನೆಂದು ಎಲ್ಲಿ ಬರೆದಿದ್ದೇನೆ? ಅತ್ತೆಯವರೂ ತಿನ್ನುವುದಿಲ್ಲ. ಲಂಗರ್‌ನಲ್ಲಿ ಖೀರು ಮತ್ತು ರೋಟಿ ತಿಂದರು, ಉಳಿದದ್ದಕ್ಕೆ ನಾವು ಮನೆಯಿಂದ ಒಯ್ದ ಅವಲಕ್ಕಿ, ಚಟ್ನಿಪುಡಿ, ಮಾರುಕಟ್ಟೆಯ ಮೊಸರು. ಸಾವಿರಾರು ಜನ ಕೈಮುಗಿದು ಕುಳಿತು ಉಣ್ಣುವ ಪಂಕ್ತಿಯನ್ನು ಈರುಳ್ಳಿಯ ಲೆಕ್ಕದಲ್ಲಿ ಅಳೆಯುವುದು ನನಗೆ ಸರಿಕಾಣುವುದಿಲ್ಲ. ನಿಮ್ಮ ನಿಯಮ ನಿಮಗೆ. ಬೇರೆಯವರ ಅನ್ನವನ್ನು ಹಗುರ ಮಾಡಬೇಡಿ.

ರಥಬೀದಿ

ಯಾರ ಅನ್ನವನ್ನೂ ಹಗುರ ಮಾಡಿಲ್ಲ. ಕೇಳಿದವರು ಬರೆದ ಒಂದು ಮಾತನ್ನು ನೆನಪಿಸಿದೆ. ಸಿಟ್ಟು ಬೇಡ.

ನಾನು ಹೇಳಬೇಕೆಂದಿದ್ದು ಮಥುರೆ, ವೃಂದಾವನ. ಆಗ್ರಾಕ್ಕಿಂತ ದೆಹಲಿಗೆ ಹತ್ತಿರ. ಈರುಳ್ಳಿಯಿಲ್ಲದ ಊಟ ಕೇಳುವುದೇ ಬೇಡ, ಬೀದಿಬೀದಿಯಲ್ಲಿ ಸಿಗುತ್ತದೆ. ಕೃಷ್ಣಮಠದ ಎದುರಿನಲ್ಲಿ ಬೆಳೆದವನಿಗೆ ಆ ಊರುಗಳನ್ನು ನೋಡದೆ ದೆಹಲಿಯಿಂದ ಹಾಗೆಯೇ ವಿಮಾನ ಹತ್ತುವುದು ಸಾಧ್ಯವೇ ಇರಲಿಲ್ಲ. ಮಥುರೆಯ ಕೃಷ್ಣ ಜನ್ಮಸ್ಥಾನದಲ್ಲಿ ಮೊಬೈಲ್, ಚೀಲ ಯಾವುದನ್ನೂ ಒಳಗೆ ಬಿಡುವುದಿಲ್ಲ, ಹೊರಗೆ ಇಟ್ಟು ಚೀಟಿ ಪಡೆಯಬೇಕು. ವೃಂದಾವನ ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್, ಬ್ಯಾಟರಿ ರಿಕ್ಷಾದಲ್ಲಿ ಹೋದೆವು, 350 ರೂಪಾಯಿ. ಬಾಂಕೆ ಬಿಹಾರಿ ಗುಡಿ ಮಧ್ಯಾಹ್ನ ಮುಚ್ಚಿರುತ್ತದೆ, ಸಂಜೆಯ ಬಾಗಿಲು ತೆರೆಯುವವರೆಗೆ ಕಾಯಬೇಕು. ಆಮೇಲಿನ ನೂಕುನುಗ್ಗಲಿನಲ್ಲಿ ಕಾಲು ನೆಲಕ್ಕೆ ತಾಗುವುದಿಲ್ಲ. ಶನಿವಾರ, ಭಾನುವಾರ ಹಿರಿಯರನ್ನು ಆ ಗಲ್ಲಿಗೆ ಕರೆದೊಯ್ಯಬೇಡಿ.

ಕೋತಿಗಳ ವಿಷಯ ಹೇಳಲೇಬೇಕು. ಕನ್ನಡಕ ಹಾಕಿಕೊಂಡು ನಡೆಯಬಾರದು. ನನ್ನ ಅಣ್ಣನ ಕನ್ನಡಕವನ್ನು ಹಿಂದಿನಿಂದ ಬಂದು ಕಿತ್ತುಕೊಂಡಿತು. ಮಾಡಿನ ಮೇಲೆ ಕುಳಿತು ನೋಡುತ್ತಿತ್ತು. ಅಂಗಡಿಯ ಹುಡುಗ ಫ್ರೂಟಿ ಪೊಟ್ಟಣ ಎಸೆದರೆ ಕೊಡುತ್ತದೆ ಎಂದ, ಎಸೆದೆವು, ಪೊಟ್ಟಣ ಹಿಡಿದುಕೊಂಡು ಕನ್ನಡಕ ಕೆಳಗೆ ಬಿಟ್ಟಿತು. ಒಂದು ಗಾಜು ಸೀಳಿತ್ತು. ಉಪಾಯ ಹೇಳಿದ ಹುಡುಗನಿಗೆ 200, ಪೊಟ್ಟಣ ಎರಡಕ್ಕೆ 40, ಊರಿಗೆ ಬಂದು ಹೊಸ ಗಾಜು ಹಾಕಿಸಲು 4,300. ಅಣ್ಣನಿಗೆ ಬಾಂಕೆ ಬಿಹಾರಿಯ ಮುಖ ಮಸುಕಾಗಿಯೇ ಕಂಡಿತು. ಆದರೂ ಯಮುನೆಯ ಕೇಶಿ ಘಟ್ಟದಲ್ಲಿ ಕುಳಿತ ಆ ಸಂಜೆಯನ್ನು ಬೇರೆ ಯಾವುದಕ್ಕೂ ಕೊಡಲಾರೆ.

ಶಹಾಬಾದ್ ಪರ್ಸಿ

ಒಂದು ಮೂಲಭೂತ ಪ್ರಶ್ನೆ. ವಿಮಾನ ಏಕೆ? ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ನವದೆಹಲಿಯಿಂದ ರಾತ್ರಿ ಹೊರಡುತ್ತದೆ, ಆಗ್ರಾದಲ್ಲೂ ನಿಲ್ಲುತ್ತದೆ. ಆಗ್ರಾ ನೋಡಿ ಅಲ್ಲಿಯೇ ಹತ್ತಿಕೊಂಡರೆ ದೆಹಲಿಗೆ ಮರಳುವ ಗೊಡವೆಯೇ ಇಲ್ಲ. ನಾವು ಕಲಬುರಗಿಯ ಕಡೆಯವರು ಹಾಗೆಯೇ ಮಾಡುವುದು. ಎರಡನೇ ದರ್ಜೆ ಎಸಿಯಲ್ಲಿ ಮಲಗಿ, ಎದ್ದು, ಮನೆಯ ರೊಟ್ಟಿ, ಶೇಂಗಾ ಚಟ್ನಿ ತಿಂದು, ಸೊಲ್ಲಾಪುರ ದಾಟುತ್ತಿದ್ದಂತೆ ಊರು ಬಂತೆಂದು ಗೊತ್ತಾಗುತ್ತದೆ. ಸೂಟ್‌ಕೇಸ್ ತೂಕ ಹಾಕುವವರಿಲ್ಲ, ನೀರಿನ ಬಾಟಲಿ ಬಿಸಾಡಿಸುವವರಿಲ್ಲ. ನಿಮ್ಮ ಮೂರು ಸೂಟ್‌ಕೇಸಿಗೆ ವಿಮಾನದಲ್ಲಿ ಹೆಚ್ಚುವರಿ ತೂಕದ ಹಣ ಎಷ್ಟಾಗುತ್ತದೆ ಲೆಕ್ಕ ಹಾಕಿದ್ದೀರಾ?

ಚಾಮುಂಡಿಪುರಂ

ಕಲಬುರಗಿಯವರಿಗೆ ಸರಿ. ಹರಿಹರದವರು ಬೆಂಗಳೂರಿನವರೆಗೆ ಅದೇ ರೈಲಿನಲ್ಲಿ ಹೋಗಿ ಮತ್ತೆ ಹಿಂದಕ್ಕೆ ಬರಬೇಕು. ಎರಡು ರಾತ್ರಿ ರೈಲಿನಲ್ಲಿ ಮಂಡಿನೋವಿನ ಹಿರಿಯರು! ಇದು ಸಲಹೆಯೇ?

ಶಹಾಬಾದ್ ಪರ್ಸಿ

ಮಂಡಿನೋವಿನವರಿಗೆ ವಿಮಾನದ ಇಕ್ಕಟ್ಟಿನ ಸೀಟು ಹಿತವೇ? ಕೆಳಗಿನ ಬರ್ತಿನಲ್ಲಿ ಕಾಲು ಚಾಚಿ ಮಲಗುವ ಸುಖ ಎಲ್ಲಿದೆ? ನನ್ನ ತಾಯಿ 80ರ ಹತ್ತಿರದವರು, ಪ್ರತಿ ಸಲ ರೈಲಿನಲ್ಲೇ ಬರುತ್ತಾರೆ. ಹಿರಿಯರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಹೆಂಗಸರಿಗೆ ಅರ್ಧ ದರವಿತ್ತು. ಈಗ ಪೂರ್ತಿ ಕೊಟ್ಟೇ ಬರುತ್ತಾರೆ.

ಅರಸೀಕೆರೆ ಜಂಕ್ಷನ್

ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು ನಾನು. ಇಷ್ಟು ಜನ ಬರೆದಿದ್ದೀರಿ, ಒಬ್ಬರಾದರೂ ಪ್ರಶ್ನೆಯಲ್ಲಿರುವ ವಾರವನ್ನು ನೋಡಿದಿರಾ? ಇವರು ಹೊರಡುವುದು ಶುಕ್ರವಾರ. ಶುಕ್ರವಾರ ತಾಜ್ ಮಹಲ್‌ಗೆ ರಜೆ. ಆ ಕಾರಣಕ್ಕೇ ಗತಿಮಾನ್ ಕೂಡ ಶುಕ್ರವಾರ ಓಡುವುದಿಲ್ಲ. ಚಾಮುಂಡಿಪುರದವರು ಬರೆದ ಉದ್ದನೆಯ ಕಥೆಯಲ್ಲಿ ಈ ಒಂದು ಸಾಲು ಇರಬೇಕಾಗಿತ್ತು.

ಎರಡನೆಯದು ಮಂಜು. ಉತ್ತರದ ಕಡೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕೆಲವು ರೈಲುಗಳನ್ನು ಮಂಜಿನ ಕಾರಣಕ್ಕೆ ಮುಂಚಿತವಾಗಿಯೇ ರದ್ದು ಮಾಡಿ ಪಟ್ಟಿ ಹೊರಡಿಸುತ್ತಾರೆ. ಟಿಕೆಟ್ ಮಾಡುವ ಮೊದಲು ಆ ಪಟ್ಟಿ ನೋಡಬೇಕು. ದೆಹಲಿಯಲ್ಲಿ ಹುಟ್ಟಿ ಬೆಳಿಗ್ಗೆ ಹೊರಡುವ ರೈಲು ಸಾಮಾನ್ಯವಾಗಿ ಸಮಯಕ್ಕೆ ಹೊರಡುತ್ತದೆ. ತೊಂದರೆ ಕೊಡುವುದು ದೂರದಿಂದ ಬಂದು ನಡುವಿನ ನಿಲ್ದಾಣದಲ್ಲಿ ನಿಮ್ಮನ್ನು ಹತ್ತಿಸಿಕೊಳ್ಳುವ ರೈಲು. ಹಿಂದಿನ ರಾತ್ರಿ ಬಿಹಾರದಲ್ಲೋ ಬಂಗಾಳದಲ್ಲೋ ಹೊರಟದ್ದು ಎಷ್ಟು ಹೊತ್ತಿಗೆ ಬರುತ್ತದೆಂದು ದೇವರೇ ಹೇಳಬೇಕು. ಆದ್ದರಿಂದ ಮರಳುವ ರೈಲು ಎಲ್ಲಿಂದ ಹೊರಟು ಬರುತ್ತದೆ ಎಂಬುದನ್ನು ಮೊದಲು ನೋಡಿ, ಊರನ್ನು ಆಮೇಲೆ ಆರಿಸಿ. ಮೂರು ಗಂಟೆಗಿಂತ ಹೆಚ್ಚು ತಡವಾದ ರೈಲಿನಲ್ಲಿ ನೀವು ಪ್ರಯಾಣಿಸದೆ ಬಿಟ್ಟರೆ, ಅದು ಹೊರಡುವುದರೊಳಗೆ ಟಿಡಿಆರ್, ಅಂದರೆ ಹಣ ವಾಪಸು ಕೇಳುವ ಅರ್ಜಿ, ಸಲ್ಲಿಸಿದರೆ ಪೂರ್ತಿ ಹಣ ವಾಪಸು. ರೈಲು ಹೊರಟ ಮೇಲೆ ಸಲ್ಲಿಸಿ ಹಣ ಬರಲಿಲ್ಲವೆಂದು ಬೈಯುವವರನ್ನು ಬಹಳ ನೋಡಿದ್ದೇನೆ.

ಚಾಮುಂಡಿಪುರಂ

ಶುಕ್ರವಾರದ ರಜೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ, ಅದನ್ನು ಬರೆಯಬೇಕೆನಿಸಲಿಲ್ಲ. ಅವರು ಶನಿವಾರ ಹೋಗಲಿ. ನನ್ನ ಅನುಭವವನ್ನು ಕಥೆ ಎನ್ನುವ ಅಗತ್ಯವಿರಲಿಲ್ಲ ಸರ್.

ಘಟಪ್ರಭೆ

ಶನಿವಾರ ಆಗ್ರಾಕ್ಕೆ ಹೋಗಿ ಅಲ್ಲಿ ಉಳಿದು ಭಾನುವಾರ ಮರಳಬಹುದೆಂದು ಯಾರೂ ಹೇಳಬೇಡಿ. ನಮ್ಮದು ಓದಿ.

ನಾನು, ಹೆಂಡತಿ, ಮಗಳು. ಮಧ್ಯಾಹ್ನ 2.10ರ ವಿಮಾನ. ಹಿಂದಿನ ದಿನ ಆಗ್ರಾದಲ್ಲಿ ಉಳಿದೆವು. ಬೆಳಗಿನ ರೈಲು ಐದೂವರೆ ಗಂಟೆ ತಡ ಎಂದು ರಾತ್ರಿಯೇ ಮೊಬೈಲ್‌ಗೆ ಬಂತು. ಹೋಟೆಲಿನವನು ಆರು ಗಂಟೆಗೆ ಕಾರು ನಿಲ್ಲಿಸುತ್ತೇನೆಂದು ಮಾತು ಕೊಟ್ಟ, 5,200 ಮುಂಗಡ ತೆಗೆದುಕೊಂಡ. ಕಾರು ಬಂದದ್ದು ಎಂಟು ಇಪ್ಪತ್ತಕ್ಕೆ. ಯಮುನಾ ಎಕ್ಸ್‌ಪ್ರೆಸ್‌ವೇ 165 ಕಿಲೋಮೀಟರ್ ಉದ್ದದ ಆರು ಪಥದ ರಸ್ತೆ, ಬೇಸಿಗೆಯಲ್ಲಿ ಹಾರಿಕೊಂಡು ಬರಬಹುದು. ಚಳಿಗಾಲದಲ್ಲಿ ಕಾರುಗಳ ವೇಗದ ಮಿತಿಯನ್ನೇ ನೂರರಿಂದ 75ಕ್ಕೆ ಇಳಿಸಿರುತ್ತಾರೆ. ಅವತ್ತು 30ರಲ್ಲೂ ಹೋಗಲು ಆಗುತ್ತಿರಲಿಲ್ಲ. ಮುಂದಿನ ಲಾರಿಯ ಕೆಂಪು ದೀಪ ಕಂಡಾಗ ಅದು ನಮ್ಮ ಬಾನೆಟ್ಟಿನ ಮೇಲೇ ಇರುತ್ತಿತ್ತು. ಮಗಳು ಹಿಂದಿನ ಸೀಟಿನಲ್ಲಿ ಅಳುತ್ತಿದ್ದಳು. ಎರಡು ಕಡೆ ಡಿಕ್ಕಿಯಾದ ಕಾರುಗಳನ್ನು ಪಕ್ಕಕ್ಕೆ ಎಳೆದಿದ್ದರು. ನಿಲ್ದಾಣ ತಲುಪಿದಾಗ ಒಂದು ಐವತ್ತೈದು, ಕೌಂಟರ್ ಮುಚ್ಚಿತ್ತು. ಅಷ್ಟು ಮಂಜಿನಲ್ಲೂ ನಮ್ಮ ವಿಮಾನ ಮಾತ್ರ ಸಮಯಕ್ಕೆ ಸರಿಯಾಗಿ ಹಾರಿತು.

ಹೊಸ ಟಿಕೆಟ್ ತಲೆಗೆ 11,400, ಮೂವರಿಗೆ 34,200. ಆ ರಾತ್ರಿಯ ಕೋಣೆ 4,600. ಕಾರು 5,200. ಒಟ್ಟು 44,000, ಊಟ, ಟೋಲ್ ಬಿಟ್ಟು. ಹಳೆಯ ಟಿಕೆಟಿನ ತೆರಿಗೆ ವಾಪಸು ಎಂದು ತಲೆಗೆ 612 ಬಂತು, ಅದೂ ಅನೇಕ ಮಿಂಚಂಚೆ ಬರೆದ ಮೇಲೆ. ರೈಲಿನ ಟಿಕೆಟಿನ ಹಣ ಪೂರ್ತಿ ಬಂತು, ಅದನ್ನು ಒಪ್ಪುತ್ತೇನೆ.

ವಿಮಾನದ ಹಿಂದಿನ ರಾತ್ರಿ ದೆಹಲಿಯಲ್ಲೇ ಮಲಗಬೇಕು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಸಾಗರದ ಕಡೆಯವಳು

ಅದಕ್ಕೇ ನಾನು ದೆಹಲಿಗೆ ಮರಳಬೇಡಿ ಎಂದದ್ದು. ಜೈಪುರವೂ ಹಾಗೆಯೇ, ಅಲ್ಲಿಂದಲೂ ಬೆಂಗಳೂರಿಗೆ ನೇರ ವಿಮಾನವಿದೆ. ಹರಿದ್ವಾರಕ್ಕೆ ಹೋದವರು ಡೆಹ್ರಾಡೂನ್‌ನಿಂದ ಹಾರಬಹುದು.

ಘಟಪ್ರಭೆ

ಅಮೃತಸರಕ್ಕೆ ಮಂಜು ಬರುವುದಿಲ್ಲವೇ ಅಕ್ಕ? ಪಂಜಾಬಿನ ಮಂಜು ದೆಹಲಿಯದಕ್ಕಿಂತ ಕಡಿಮೆಯಲ್ಲ. ಅಲ್ಲಿಂದ ಬೆಂಗಳೂರಿಗೆ ದಿನಕ್ಕೆ ಒಂದೋ ಎರಡೋ ವಿಮಾನ. ರದ್ದಾದರೆ ಮಾರನೆಯ ದಿನದವರೆಗೆ ಕುಳಿತುಕೊಳ್ಳಿ. ದೆಹಲಿಯಲ್ಲಾದರೆ ಮುಂದಿನ ವಿಮಾನಕ್ಕೆ ಹಾಕುತ್ತಾರೆ. ನಿಮ್ಮದು ಸರಿಹೋಯಿತು, ಸಂತೋಷ. ಎಲ್ಲರಿಗೂ ಅದನ್ನೇ ಹೇಳಬೇಡಿ.

ಸಾಗರದ ಕಡೆಯವಳು

ನಿಮ್ಮದು ಕೆಟ್ಟಿತೆಂದು ಎಲ್ಲರೂ ದೆಹಲಿಯಲ್ಲಿ ಕೋಣೆ ಹಿಡಿದು ಕೂರಬೇಕೇ? ನಾವು ಹೋದದ್ದೂ ಡಿಸೆಂಬರಿನಲ್ಲೇ. ಹಗಲು ಎರಡು ಗಂಟೆಯ ನಂತರದ ವಿಮಾನ ಆರಿಸಿಕೊಂಡಿದ್ದೆವು, ಮಂಜು ಎದ್ದಿರುತ್ತದೆಂದು ತಿಳಿದೇ ಆರಿಸಿದ್ದು.

ಹರಿಹರದವ

ಎಲ್ಲರಿಗೂ ವಂದನೆಗಳು. ಶುಕ್ರವಾರದ ವಿಷಯ ನಿಜಕ್ಕೂ ಗೊತ್ತಿರಲಿಲ್ಲ, ಅರಸೀಕೆರೆಯವರು ಉಳಿಸಿದಿರಿ. ಎರಡು ಪ್ರಶ್ನೆ: ಸೂಟ್‌ಕೇಸ್‌ಗಳನ್ನು ಎಲ್ಲಿ ಬಿಡುವುದು? ಅಮ್ಮನಿಗೆ ನಿಲ್ದಾಣದಲ್ಲಿ ಮೆಟ್ಟಿಲು ತಪ್ಪಿಸುವುದು ಹೇಗೆ?

ಕೊಪ್ಪಳದ ಅಂಗಡಿ

ಸೂಟ್‌ಕೇಸ್ ನಾವು ನವದೆಹಲಿ ನಿಲ್ದಾಣದ ಕ್ಲೋಕ್ ರೂಮ್‌ನಲ್ಲಿಟ್ಟಿದ್ದೆವು. ಬೀಗವಿಲ್ಲದ ಚೀಲ ತೆಗೆದುಕೊಳ್ಳುವುದಿಲ್ಲ. ತಮ್ಮನ ಚೀಲದ ಜಿಪ್ಪಿಗೆ ಬೀಗ ಹಾಕಲು ಬರುತ್ತಿರಲಿಲ್ಲ, ಹೊರಗೆ ಹೋಗಿ ಸರಪಳಿ, ಬೀಗ ತಂದೆವು, 180 ರೂಪಾಯಿ. ಇಡುವ ಬಾಡಿಗೆಗಿಂತ ಬೀಗಕ್ಕೇ ಹೆಚ್ಚಾಯಿತು. ನಮ್ಮ ಹರಿದ್ವಾರದ ಪ್ರಯಾಣದಲ್ಲಿ ಯಾವುದಕ್ಕೆ ಎಷ್ಟು ಎಂದು ಹೇಳುತ್ತ ಹೋದರೆ ಮುಗಿಯುವುದಿಲ್ಲ. ದಸರೆ, ದೀಪಾವಳಿ ನಡುವೆ ಯಾರೂ ಹೋಗಬೇಡಿ, ಅಷ್ಟೇ.

ಅರಸೀಕೆರೆ ಜಂಕ್ಷನ್

ಮೆಟ್ಟಿಲಿನ ಪ್ರಶ್ನೆಯೇ ನಿಜವಾದ ಪ್ರಶ್ನೆ. ನವದೆಹಲಿಗೆ ಎರಡು ಬಾಗಿಲು: ಪಹಾಡ್‌ಗಂಜ್ ಕಡೆ ಒಂದನೇ ಪ್ಲಾಟ್‌ಫಾರ್ಮ್, ಅಜ್ಮೇರಿ ಗೇಟ್ ಕಡೆ ಹದಿನಾರನೆಯದು. ಯಾವ ಪ್ಲಾಟ್‌ಫಾರ್ಮ್ ಎಂದು ನೋಡದೆ ತಪ್ಪು ಬಾಗಿಲಿನಲ್ಲಿ ಇಳಿದರೆ ಇಡೀ ನಿಲ್ದಾಣವನ್ನು ಮೇಲುಸೇತುವೆಯಲ್ಲಿ ದಾಟಬೇಕು. ವಿಮಾನ ನಿಲ್ದಾಣದ ಮೆಟ್ರೊ ಇರುವುದು ಅಜ್ಮೇರಿ ಗೇಟ್ ಕಡೆ, ಮೂರನೇ ಟರ್ಮಿನಲ್‌ಗೆ ಸುಮಾರು ಇಪ್ಪತ್ತು ನಿಮಿಷ. ನಿಮ್ಮ ವಿಮಾನ ಒಂದನೇ ಟರ್ಮಿನಲ್‌ನದಾದರೆ ಆ ಮೆಟ್ರೊ ಅಲ್ಲಿಗೆ ಹೋಗುವುದಿಲ್ಲ, ಅಲ್ಲಿಗೆ ಹೋಗುವುದು ಮಜೆಂಟಾ ಮಾರ್ಗದ ಮೆಟ್ರೊ, ಬೇರೆ ದಾರಿ. ಟಿಕೆಟಿನಲ್ಲಿ ಟರ್ಮಿನಲ್ ನೋಡಿ. ಪೋರ್ಟರ್‌ಗೆ ಹೇಳಿದರೆ ಗಾಲಿಕುರ್ಚಿ ತರುತ್ತಾನೆ, ಹಣ ಮೊದಲೇ ಮಾತಾಡಿಕೊಳ್ಳಿ. ಗತಿಮಾನ್ ಆದರೆ ನಿಜಾಮುದ್ದೀನ್‌ನಿಂದ, ಅದು ಬೇರೆಯೇ ನಿಲ್ದಾಣ. ನವದೆಹಲಿಯಲ್ಲಿ ಸೂಟ್‌ಕೇಸ್ ಇಟ್ಟು ನಿಜಾಮುದ್ದೀನ್‌ನಲ್ಲಿ ರೈಲು ಹಿಡಿಯುವ ಯೋಜನೆ ಹಾಕಬೇಡಿ.

ಶಹಾಬಾದ್ ಪರ್ಸಿ

ಈಗ ನೋಡಿ: ಎರಡು ನಿಲ್ದಾಣ, ಮೂರು ಟರ್ಮಿನಲ್, ಎರಡು ಮೆಟ್ರೊ, ಕ್ಲೋಕ್ ರೂಮ್, ಬೀಗ, ಸರಪಳಿ! ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಇದ್ಯಾವುದೂ ಇಲ್ಲ.

ರಥಬೀದಿ

ಡಿಸೆಂಬರಿನಲ್ಲಿ ಆ ರೈಲು ಸಮಯಕ್ಕೆ ಊರು ಮುಟ್ಟುತ್ತದೆಂದು ನೀವು ಬರೆದುಕೊಡುತ್ತೀರಾ?

ಶಹಾಬಾದ್ ಪರ್ಸಿ

ತಡವಾದರೂ ಮನೆಗೇ ಬರುತ್ತದೆ ರಾಯರೇ, ವಿಮಾನದಂತೆ ಬೇರೆ ಊರಿನಲ್ಲಿ ಇಳಿಸಿಬಿಡುವುದಿಲ್ಲ. ನಮ್ಮ ಊರಿನವರೊಬ್ಬರು ದೆಹಲಿಗೆ ಹೋಗುತ್ತಿದ್ದ ವಿಮಾನವನ್ನು ಮಂಜೆಂದು ಜೈಪುರಕ್ಕೆ ತಿರುಗಿಸಿ ನಾಲ್ಕು ಗಂಟೆ ಒಳಗೇ ಕೂರಿಸಿದ್ದರು. ರೈಲಾದರೆ ಇಳಿದು ಚಹ ಕುಡಿಯಬಹುದು.

ಹರಿಹರದವ

ಮನೆಯಲ್ಲಿ ಎಲ್ಲರ ಮಾತನ್ನೂ ಓದಿ ಹೇಳಿದೆ. ಶುಕ್ರವಾರ ದೆಹಲಿಯಲ್ಲೇ ವಿಶ್ರಾಂತಿ, ಸೂಟ್‌ಕೇಸ್ ಹೋಟೆಲಿನಲ್ಲೇ. ಶನಿವಾರ ಗತಿಮಾನ್‌ನಲ್ಲಿ ಆಗ್ರಾ, ಮೊದಲು ಕೋಟೆಯ ಹೊರನೋಟ, ಮಧ್ಯಾಹ್ನ ತಾಜ್, ಸಂಜೆ ಅದೇ ರೈಲಿನಲ್ಲಿ ವಾಪಸು, ಭಾನುವಾರ ಸಂಜೆ ವಿಮಾನ. ಹೋಗಲು ಮೂರು ಸೀಟು ಖಚಿತವಾಯಿತು. ಮರಳಲು ವೇಟಿಂಗ್ ಲಿಸ್ಟ್ 14 ತೋರಿಸುತ್ತಿದೆ.

ಚಾಮುಂಡಿಪುರಂ

ಸರಿಯಾದ ನಿರ್ಧಾರ. ಅಮ್ಮನವರನ್ನು ಪೂರ್ವದ ಬಾಗಿಲಿನಿಂದ ಕರೆದೊಯ್ಯಿರಿ. ಶಿಲ್ಪಗ್ರಾಮದ ನಿಲುಗಡೆಯಿಂದ ಬ್ಯಾಟರಿ ಗಾಡಿ ಇದೆ, ಕಾರನ್ನು ಅದಕ್ಕಿಂತ ಮುಂದೆ ಬಿಡುವುದಿಲ್ಲ. ಗೋರಿಯ ಜಗತಿಗೆ ಮೆಟ್ಟಿಲು ಹತ್ತಬೇಕು. ಅವರು ಕೆಳಗೆ ಉದ್ಯಾನದಲ್ಲೇ ಕುಳಿತು ನೋಡುವುದಾದರೆ ಅವರಿಗೆ 50ರ ಟಿಕೆಟ್ ಸಾಕು, 200 ಸುಮ್ಮನೆ ಕೊಡಬೇಡಿ. ಚೀಲದಲ್ಲಿ ತಿಂಡಿ ಒಯ್ದರೆ ತಪಾಸಣೆಯಲ್ಲಿ ತೆಗೆಸುತ್ತಾರೆ, ಅವಲಕ್ಕಿ ಕಾರಿನಲ್ಲೇ ಇರಲಿ.

ರಥಬೀದಿ

ಮಥುರೆಯನ್ನು ದಾಟಿಕೊಂಡೇ ಹೋಗುತ್ತೀರಿ. ಕಿಟಕಿಯಿಂದ ಅಮ್ಮನಿಗೆ ತೋರಿಸಿ.

ಘಟಪ್ರಭೆ

ವೇಟಿಂಗ್ ಲಿಸ್ಟ್ 14 ನಂಬಿಕೊಂಡು ಹಿರಿಯರನ್ನು ಕರೆದೊಯ್ಯುವುದೇ? ಚೇರ್ ಕಾರ್‌ನಲ್ಲಿ ಆರ್‌ಎಸಿ ಇಲ್ಲ, ಅರ್ಧ ಸೀಟೂ ಸಿಗುವುದಿಲ್ಲ. ಸಂಜೆ ಆಗ್ರಾದಲ್ಲಿ ಸಿಕ್ಕಿಹಾಕಿಕೊಂಡರೆ ಮತ್ತದೇ ಟ್ಯಾಕ್ಸಿ, ಅದೇ ಎಕ್ಸ್‌ಪ್ರೆಸ್‌ವೇ, ರಾತ್ರಿಯ ಮಂಜು.

ಅರಸೀಕೆರೆ ಜಂಕ್ಷನ್

ಘಟಪ್ರಭೆಯವರು ಹೇಳಿದ್ದು ಸರಿ. ಚಾರ್ಟ್ ಆಗುವ ಹೊತ್ತಿಗೆ ಖಚಿತವಾಗದಿದ್ದರೆ ಇ-ಟಿಕೆಟ್ ತಾನಾಗಿಯೇ ರದ್ದಾಗುತ್ತದೆ, ಆ ಟಿಕೆಟಿನಲ್ಲಿ ರೈಲು ಹತ್ತುವಂತಿಲ್ಲ. ಈಗಲೇ ಅದೇ ಸಂಜೆಯ ಇನ್ನೊಂದು ರೈಲಿನಲ್ಲಿ ಮೂರು ಸೀಟು ಮಾಡಿಟ್ಟುಕೊಳ್ಳಿ. ಭೋಪಾಲ್ ಕಡೆಯಿಂದ ಬಂದು ರಾತ್ರಿ ಒಂಬತ್ತರ ಸುಮಾರಿಗೆ ಆಗ್ರಾ ಬಿಡುವ ಶತಾಬ್ದಿ ಇದೆ, ಅದು ನವದೆಹಲಿಗೆ ಹೋಗುತ್ತದೆ, ನಿಜಾಮುದ್ದೀನ್‌ಗಲ್ಲ. ಗತಿಮಾನ್ ಖಚಿತವಾದರೆ ಇದನ್ನು ರದ್ದು ಮಾಡಿ. ಹೊರಡುವುದಕ್ಕೆ ಸಾಕಷ್ಟು ದಿನ ಮೊದಲೇ ಮಾಡಿದರೆ ಚೇರ್ ಕಾರ್‌ಗೆ ತಲೆಗೆ 180 ರೂಪಾಯಿ ಮತ್ತು ತೆರಿಗೆ ಹೋಗುತ್ತದೆ. ಆಮೇಲಾದರೆ ದರದ ಕಾಲುಭಾಗ, ಇನ್ನೂ ತಡವಾದರೆ ಅರ್ಧ.

ಶಹಾಬಾದ್ ಪರ್ಸಿ

ಆ ರಾತ್ರಿ ಆಗ್ರಾದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಕೂಡ ನಿಲ್ಲುತ್ತದೆ. ಇನ್ನೊಂದು ಸಲ ಹೇಳಿದ್ದೇನೆ.